‘ಪ್ರಿಯ ಕೆ.’ ಅಂತ ಮೇಲ್ ಹೋಗದಿರಲು ಏನು ಮಾಡಬೇಕು?

ಸಂಘದ ಸದಸ್ಯರಿಗೆಲ್ಲ ಆಮಂತ್ರಣದ ಮೇಲ್ ಕಳಿಸಬೇಕು. ಎಕ್ಸೆಲ್ ಪಟ್ಟಿಯಲ್ಲಿ ಪೂರ್ತಿ ಹೆಸರು ಒಂದೇ ಕಾಲಂನಲ್ಲಿದೆ. ಸ್ಪೇಸ್ ಇದ್ದಲ್ಲಿ ಕತ್ತರಿಸಿ ಮೊದಲ ತುಂಡನ್ನು ಹಾಕಿದರೆ ಅರ್ಧ ಜನಕ್ಕೆ ‘ಪ್ರಿಯ ಕೆ.’ ಅಂತ ಹೋಗುತ್ತದೆ. ಹೆಸರು ಬಿಡಿಸಲೆಂದೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ನೇಮ್‌ಪಾರ್ಸರ್’ ಎಂಬ ಉಚಿತ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ಇದೆ. ಅದನ್ನು ನಮ್ಮ ಹೆಸರುಗಳಿಗೆ ಸ್ವಲ್ಪ ಪಳಗಿಸಬೇಕು, ಅಷ್ಟೇ. ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿದೆ ಎಂದಿಟ್ಟುಕೊಳ್ಳೋಣ.

ಮೊದಲು ಮೂಲ ಕಾಲಂ ಅನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಒಂದು ನಕಲು ಮಾಡಿಕೊಳ್ಳಿ. ನಕಲಿನಲ್ಲಿ ಪ್ರತಿ ಚುಕ್ಕಿಯ ನಂತರ ಒಂದು ಸ್ಪೇಸ್ ಹಾಕಿ. ‘ಕೆ.ವಿ.ಪುಟ್ಟಪ್ಪ’ ಎಂದು ಅಂಟಿಸಿ ಬರೆದಿದ್ದರೆ ಸಾಫ್ಟ್‌ವೇರ್‌ಗೆ ಅದು ಒಂದೇ ಪದ.

ಆಮೇಲೆ ಪೈಥಾನ್ ಲೈಬ್ರರಿಗಳನ್ನು ಹಾಕಿಕೊಳ್ಳುವ ‘ಪಿಪ್’ ಮೂಲಕ ನೇಮ್‌ಪಾರ್ಸರ್ ಹಾಕಿಕೊಂಡು, ಅದರಲ್ಲಿ ಹೆಸರು ಬಿಡಿಸುವ ಭಾಗವಾದ ‘ಹ್ಯೂಮನ್‌ನೇಮ್’ಗೆ ಒಂದೊಂದೇ ಹೆಸರು ಕೊಡಿ. ಟೈಟಲ್, ಫಸ್ಟ್, ಮಿಡಲ್, ಲಾಸ್ಟ್, ಸಫಿಕ್ಸ್, ನಿಕ್‌ನೇಮ್ ಎಂದು ಬಿಡಿಸಿ ಕೊಡುತ್ತದೆ. ‘ಡಾ.’ ತರಹದ್ದನ್ನು ಟೈಟಲ್‌ಗೆ ಹಾಕುವುದು ಅದಕ್ಕೆ ಗೊತ್ತು. ‘ಶ್ರೀಮತಿ’, ‘ವಿದ್ವಾನ್’ ಅದರ ಟೈಟಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು.

ಎಡವಟ್ಟು ಶುರುವಾಗುವುದು ಇಲ್ಲಿ. ಈ ಲೈಬ್ರರಿ ನೋಡುವುದು ಹೆಚ್ಚಾಗಿ ಪದ ಎಲ್ಲಿ ಕೂತಿದೆ ಎಂಬುದನ್ನು. ‘ದತ್ತಾತ್ರೇಯ ರಾಮಚಂದ್ರ ಬೇಂದ್ರೆ’ ಕೊಟ್ಟರೆ ಸರಿಯಾಗಿಯೇ ಬಿಡಿಸುತ್ತದೆ: ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ‘ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ’ ಕೊಟ್ಟರೆ ಊರೇ ಫಸ್ಟ್ ನೇಮ್! ‘ಎಚ್. ಡಿ. ದೇವೇ ಗೌಡ’ ಎಂದು ಬಿಡಿಸಿ ಬರೆದರೆ ‘ಡಿ. ದೇವೇ’ ಮಿಡಲ್‌ಗೆ ಹೋಗಿ ಲಾಸ್ಟ್‌ನಲ್ಲಿ ಬರೀ ‘ಗೌಡ’ ಉಳಿಯುತ್ತದೆ. ‘ನಿಜಲಿಂಗಪ್ಪ ಎಸ್’ ಎಂದಿದ್ದರಂತೂ ಲಾಸ್ಟ್ ನೇಮ್ ‘ಎಸ್’. ಮಿಸ್ಟರ್ ಎಸ್ ಯಾರು ಅಂತ ಆಮೇಲೆ ಹುಡುಕಬೇಕು.

ಅದಕ್ಕೇ ಟೈಟಲ್ ತೆಗೆಯುವ ಕೆಲಸ ಮಾತ್ರ ನೇಮ್‌ಪಾರ್ಸರ್‌ಗೆ ಬಿಡಿ. ಉಳಿದದ್ದಕ್ಕೆ ನಿಮ್ಮದೇ ನಿಯಮ ಬರೆಯಿರಿ: ಆರಂಭದಲ್ಲೋ ಕೊನೆಯಲ್ಲೋ ಒಂಟಿ ಅಕ್ಷರಗಳಿದ್ದರೆ ಅವು ಇನಿಶಿಯಲ್, ಮಿಕ್ಕಿದ್ದೆಲ್ಲ ಕರೆಯುವ ಹೆಸರು. ಒಂಟಿ ಅಕ್ಷರ ಮಾತ್ರ ನೋಡಿದರೆ ಸಾಲದು. ‘ಸು. ರಂ. ಎಕ್ಕುಂಡಿ’, ‘ದ. ರಾ. ಬೇಂದ್ರೆ’ ಇಂಗ್ಲಿಷ್‌ನಲ್ಲಿ ಎರಡು ಮೂರು ಅಕ್ಷರ ಆಗುತ್ತವೆ. ಮೂರು ಅಕ್ಷರದೊಳಗಿದ್ದು ಚುಕ್ಕಿ ಇದ್ದರೆ ಅದೂ ಇನಿಶಿಯಲ್ ಎಂದು ಸೇರಿಸಿ.

ಹೀಗೆ ಉಳಿದದ್ದು ಕೆಲವರಿಗೆ ಸ್ವಂತ ಹೆಸರು, ಕೆಲವರಿಗೆ ಅಡ್ಡಹೆಸರು. ಪುಟ್ಟಪ್ಪನವರೇ, ಬೇಂದ್ರೆಯವರೇ, ಎರಡೂ ನಡೆಯುತ್ತದಲ್ವಾ? ಕಾಲಂ ತಲೆಗೆ ‘ಸರ್‌ನೇಮ್’ ಅಂತ ಮಾತ್ರ ಬರೆಯಬೇಡಿ.

‘ಪ್ರಾಬಬಲ್‌ಪೀಪಲ್’ ಎಂಬ ಇನ್ನೊಂದು ಲೈಬ್ರರಿ ಗುರುತು ಹಾಕಿದ ಉದಾಹರಣೆಗಳಿಂದ ಕಲಿಯುತ್ತದೆ, ಕಂಪನಿ ಹೆಸರನ್ನೂ ಬಿಡಿಸುತ್ತದೆ. ನಮ್ಮ ಹೆಸರುಗಳ ಮಾದರಿ ಕೊಟ್ಟು ಕಲಿಸುವಷ್ಟು ತಾಳ್ಮೆ ಇದ್ದರೆ ನೋಡಿ. ನೂರಿನ್ನೂರು ಹೆಸರಿಗೆ ಅದು ಜಾಸ್ತಿಯಾಯಿತು.

ಇನಿಶಿಯಲ್ಲೇ ಇಲ್ಲದ ಮೂರು ಪದದ ಹೆಸರುಗಳನ್ನು ಬೇರೆ ಶೀಟ್‌ಗೆ ಹಾಕಿ, ಪರಿಚಯ ಇರುವವರ ಹತ್ತಿರ ಕೂತು ಕಣ್ಣಲ್ಲೇ ನೋಡಿ. ಮುಂದಿನ ಸಲ ಫಾರ್ಮ್ ಮಾಡುವಾಗ ಪೂರ್ತಿ ಹೆಸರಿಗೆ ಒಂದು ಡಬ್ಬಿ, ‘ನಿಮ್ಮನ್ನು ಹೇಗೆ ಕರೆಯಬೇಕು?’ ಎಂದು ಇನ್ನೊಂದು ಡಬ್ಬಿ ಇಡಿ. ಹೊರದೇಶದ ಕನ್ನಡ ಕೂಟದವರು ಫಸ್ಟ್, ಲಾಸ್ಟ್ ಎಂದೇ ಕೇಳುವ ಫಾರ್ಮ್ ಬಳಸುತ್ತಿದ್ದರೆ ಅವರಿಗೂ ಇದನ್ನೇ ಹೇಳಿ.