ಸಂಜೆ ಹೊತ್ತಿನ ಕಾಲುಭಾರಕ್ಕೆ ಡಯೋಸ್ಮಿನ್: ನನ್ನ ಅನುಭವ

ಹಾಸನದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 22 ವರ್ಷದಿಂದ ಕೌಂಟರ್ ಹಿಂದೆ ನಿಂತೇ ಕೆಲಸ. ಎರಡು ವರ್ಷದ ಹಿಂದೆ ಒಂದು ರಾತ್ರಿ ಮನೆಗೆ ಬಂದು ಸಾಕ್ಸ್ ತೆಗೆದರೆ, ಎಲಾಸ್ಟಿಕ್ ಇದ್ದ ಕಡೆ ಬೆರಳು ಕೂರುವಷ್ಟು ಗೆರೆ ಬಿದ್ದಿತ್ತು. ಎಡಗಾಲಿನ ಮೀನಖಂಡದಲ್ಲಿ ನೀಲಿ ನರ ಸುತ್ತಿಕೊಂಡು ಉಬ್ಬಿತ್ತು. ಗುಂಡುಕಲ್ಲು ಕಟ್ಟಿದ ಹಾಗೆ ಭಾರ.

ಈ ‘ನರ’ ಅನ್ನುವ ಮಾತೇ ನಮ್ಮಲ್ಲಿ ತೊಂದರೆ ಮಾಡುತ್ತದೆ. ಮೆದುಳಿಗೆ ಸುದ್ದಿ ಮುಟ್ಟಿಸುವುದೂ ನರ, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವುದೂ ನರ. ‘ಅಣ್ಣ, ನರದ ಮಾತ್ರೆ ಕೊಡಿ’ ಅಂತ ಕಾಲು ಉಬ್ಬಿದವರು ಬಂದು ವಿಟಮಿನ್ ಬಿ12 ಕೇಳುತ್ತಾರೆ. ತಿಂಗಳುಗಟ್ಟಲೆ ನುಂಗಿದರೂ ಅದು ಈ ಉಬ್ಬನ್ನು ಮುಟ್ಟುವುದಿಲ್ಲ. ಕಾಲಿನ ರಕ್ತನಾಳದೊಳಗೆ ಸಣ್ಣ ಕವಾಟಗಳಿವೆ. ಅವು ಸಡಿಲವಾದರೆ ಮೇಲೆ ಹೋಗಬೇಕಾದ ರಕ್ತ ಕೆಳಗೇ ನಿಲ್ಲುತ್ತದೆ. ರೋಗ ಇರುವುದು ಅಲ್ಲಿ.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ನೋಡಿದ ಡಾಕ್ಟರು ಮೊದಲು ಬರೆದುಕೊಟ್ಟದ್ದು ಬಿಗಿ ಸ್ಟಾಕಿಂಗ್ಸ್. ಮಾತ್ರೆ ಶುರುವಾಗಿದ್ದು ನಾಲ್ಕು ವಾರ ಬಿಟ್ಟು: 450 ಮಿಲಿಗ್ರಾಂ ಡಯೋಸ್ಮಿನ್, 50 ಮಿಲಿಗ್ರಾಂ ಹೆಸ್ಪೆರಿಡಿನ್ ಇರುವ ಮಾತ್ರೆ, ಊಟದ ಜೊತೆ ದಿನಕ್ಕೆ ಎರಡು.

ವರ್ಷಗಟ್ಟಲೆ ಮಾರಿದ ಮಾತ್ರೆ, ಆದರೆ ನಾನೇ ನುಂಗುವಾಗ ಓದಿದ್ದು ಜಾಸ್ತಿ. ಹೆಸ್ಪೆರಿಡಿನ್ ಇರುವುದು ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಲ್ಲಿ, ಅದರಲ್ಲೂ ಒಳಗಿನ ಬಿಳಿ ಪದರದಲ್ಲಿ. 1828ರಲ್ಲೇ ಅದನ್ನು ಬೇರ್ಪಡಿಸಿದ್ದರು. ಅದನ್ನೇ ರಾಸಾಯನಿಕವಾಗಿ ಬದಲಾಯಿಸಿ ಡಯೋಸ್ಮಿನ್ ಮಾಡುತ್ತಾರೆ. 1969ರಿಂದ ಯುರೋಪಿನಲ್ಲಿ ಔಷಧಿಯಾಗಿ ಬಳಕೆಯಲ್ಲಿದೆ, ಅಮೆರಿಕದಲ್ಲಿ ಸಪ್ಲಿಮೆಂಟ್ ಆಗಿ ಸಿಗುತ್ತದೆ. ಇದು ರಕ್ತನಾಳದ ಗೋಡೆಗೆ ಸ್ವಲ್ಪ ಬಿಗಿ ಕೊಡುತ್ತದೆ, ಸಣ್ಣ ನಾಳಗಳಿಂದ ನೀರು ಸೋರುವುದನ್ನು ಕಡಿಮೆ ಮಾಡುತ್ತದೆ. ಪುಡಿ ದಪ್ಪ ಇದ್ದರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಅದಕ್ಕೇ ಪ್ಯಾಕೆಟ್ ಮೇಲೆ ‘ಮೈಕ್ರೊನೈಸ್ಡ್’, ಅಂದರೆ ತೀರಾ ನುಣ್ಣಗೆ ಪುಡಿ ಮಾಡಿದ್ದು, ಅಂತ ಇದೆಯಾ ಅಂತ ನಾನು ನೋಡುತ್ತೇನೆ.

ಟೈಲರ್ ಟೇಪ್ ಒಂದನ್ನು ಮಂಚದ ಪಕ್ಕ ಇಟ್ಟುಕೊಂಡೆ. ದಿನಾ ರಾತ್ರಿ ಹತ್ತಕ್ಕೆ, ಎಡಗಾಲಿನ ಗಿಣ್ಣಿನ ಮೇಲೆ ಒಂದೇ ಜಾಗದಲ್ಲಿ ಅಳತೆ. ಮೊದಲ ದಿನ 26.5 ಸೆಂಟಿಮೀಟರ್. ಬರೀ ಸ್ಟಾಕಿಂಗ್ಸ್ ಹಾಕಿದ ನಾಲ್ಕು ವಾರಕ್ಕೆ 25.9. ಮಾತ್ರೆ ಸೇರಿ ಎಂಟು ವಾರ ಆದಮೇಲೆ 25.4. ಅಳತೆಯಲ್ಲಿ ಸ್ಟಾಕಿಂಗ್ಸ್ ಪಾಲೇ ಜಾಸ್ತಿ, ನಿಜ. ಆದರೆ ಆ ಭಾರ, ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇವೆರಡೂ ತಗ್ಗಿದ್ದು ಮಾತ್ರೆ ಶುರುವಾಗಿ ಐದನೇ ವಾರದ ಹೊತ್ತಿಗೆ. ಮೊದಲ ಮೂರು ದಿನ ಹೊಟ್ಟೆ ಸ್ವಲ್ಪ ಸಡಿಲವಾಗಿತ್ತು, ಆಮೇಲೆ ಸರಿಹೋಯಿತು. ಉಬ್ಬಿದ ನರ ಮಾತ್ರ ಹಾಗೇ ಇದೆ. ಅದನ್ನು ಮಾತ್ರೆ ಹೋಗಲಾಡಿಸುವುದಿಲ್ಲ. ಅದಕ್ಕೆ ಲೇಸರ್, ಇಂಜೆಕ್ಷನ್ ಅಥವಾ ಆಪರೇಷನ್‌ನಂಥ ಚಿಕಿತ್ಸೆಯೇ ಬೇಕು.

‘ಹಾಗಾದ್ರೆ ಕಿತ್ತಳೆ ಸಿಪ್ಪೆ ಗೊಜ್ಜು ತಿಂದರೆ ಸಾಕಲ್ವಾ?’ ಅಂತ ನಮ್ಮಮ್ಮ ಕೇಳಿದರು. ಅಮ್ಮ ಮಾಡುವ ಗೊಜ್ಜು ನನಗೆ ಪ್ರಾಣ. ಆದರೆ ಸಿಪ್ಪೆಯಲ್ಲಿರುವುದು ಮುಖ್ಯವಾಗಿ ಹೆಸ್ಪೆರಿಡಿನ್, ಅದೂ ಎಷ್ಟು ಅಂತ ಅಳತೆಯಿಲ್ಲ. ಗೊಜ್ಜು ಊಟಕ್ಕೆ, ಮಾತ್ರೆ ಕಾಲಿಗೆ ಅಂದೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಈ ಮಾತ್ರೆ ಕೇಳಿಕೊಂಡು ಅಂಗಡಿಗೆ ಬರಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸೀದಾ ಆಸ್ಪತ್ರೆಗೆ ಹೋಗಿ. ಬಸುರಿಯರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಲೇಬಾರದು.

ಮೂರು ತಿಂಗಳಿಗೆ ನಿಲ್ಲಿಸಿದೆ. ಏಪ್ರಿಲ್ ಬಿಸಿಲಿಗೆ ಭಾರ ವಾಪಸ್ ಬಂತು, ಡಾಕ್ಟರು ಮತ್ತೆ ಎರಡು ತಿಂಗಳಿಗೆ ಬರೆದರು. ಈಗ ಮಾತ್ರೆ ಇಲ್ಲ. ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವ ಮೊದಲೇ ಸ್ಟಾಕಿಂಗ್ಸ್ ಹಾಕುತ್ತೇನೆ. ಗಿರಾಕಿ ಇಲ್ಲದ ಹೊತ್ತಲ್ಲಿ ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಒಂದು ಸಲಕ್ಕೆ ಇಪ್ಪತ್ತು. ನಿನ್ನೆ ರಾತ್ರಿ ಟೇಪ್ 25.3 ತೋರಿಸಿತು.