ಕ್ಯಾನ್ಸರ್ ಫೈಲಿನಲ್ಲಿ ಉರಿಯೂತದ ಸುಳಿವು ಓದುವುದು ಹೇಗೆ?

ಪರೇಲಿನ ಟಾಟಾ ಆಸ್ಪತ್ರೆಗೆ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬರುವವರಿಗೆ ಭಾಷೆಯ ನೆರವಿಗೆ ಅಂತ ನಾವು ಕೆಲವು ಮುಂಬೈ ಕನ್ನಡಿಗರು ಹೋಗುತ್ತಿರುತ್ತೇವೆ. ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದಷ್ಟೇ ನಮ್ಮ ಕೆಲಸ. ಹೊರಗೆ ಬಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇಮ್ಯುನಿಟಿ ಜಾಸ್ತಿ ಆಗೋಕೆ ಏನು ಕೊಡ್ಬೇಕು?"

ಪ್ರಶ್ನೆ ಸಹಜವೇ. ಅದರ ಹಿಂದಿನ ಲೆಕ್ಕ ಮಾತ್ರ ಸರಿಯಿಲ್ಲ. ರೋಗನಿರೋಧಕ ಶಕ್ತಿ ಏರಿಸಿದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ. ಅದರಲ್ಲಿ ಹತ್ತಾರು ಬಗೆಯ ಕಣಗಳಿವೆ. ಕೆಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಇನ್ನು ಕೆಲವು ಗಡ್ಡೆಯ ಪಕ್ಕದಲ್ಲಿ ಬಹಳ ದಿನ ಉಳಿದರೆ, ಅದು ಹರಡಲು ತಾವೇ ದಾರಿ ಮಾಡಿಕೊಡುತ್ತವೆ. ಹಾಗಾಗಿ ಏನು ಕೊಡಬೇಕು ಅನ್ನುವುದಕ್ಕೆ ಮೊದಲು ಒಳಗೆ ಈಗ ಏನು ನಡೆಯುತ್ತಿದೆ ಅಂತ ನೋಡಬೇಕು. ಅದರ ಸುಳಿವು ಬಹಳ ಸಲ ನಿಮ್ಮ ಕೈಯಲ್ಲಿರುವ ಫೈಲಿನಲ್ಲೇ ಇರುತ್ತದೆ.

ಬೇಕಾಗುವುದು ಇಷ್ಟು: ಬಯಾಪ್ಸಿ ಅಥವಾ ಆಪರೇಷನ್ ನಂತರದ ಹಿಸ್ಟೊಪೆಥಾಲಜಿ ರಿಪೋರ್ಟ್ (ತೆಗೆದ ತುಣುಕನ್ನು ಮೈಕ್ರೊಸ್ಕೋಪಿನಲ್ಲಿ ನೋಡಿ ಬರೆದದ್ದು), ಇತ್ತೀಚಿನ ಸಿಬಿಸಿ ರಕ್ತಪರೀಕ್ಷೆ, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆ, ಕಷಾಯ, ಪುಡಿಗಳ ಪಟ್ಟಿ, ಒಂದು ನೋಟ್‌ಬುಕ್. ಒಪಿಡಿ ಬಾಗಿಲಲ್ಲಿ ನಿಂತು ಇದನ್ನು ಮಾಡಲು ಆಗುವುದಿಲ್ಲ. ಹಿಂದಿನ ದಿನ ಧರ್ಮಶಾಲೆಯಲ್ಲೋ, ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನದ ಗದ್ದಲ ಇಳಿದ ಮೇಲೋ ಕೂತು ಮಾಡಿ. ಚಿಕಿತ್ಸೆ ಯಾವುದು ಅಂತ ನೀವೇ ತೀರ್ಮಾನಿಸಲು ಇದು ಅಲ್ಲ. ಡಾಕ್ಟರ ಮುಂದೆ ಸರಿಯಾದ ಪ್ರಶ್ನೆ ಇಡಲು.

1. ಮೊದಲು ಗಾಯ ವಾಸಿಯಾಗುವ ಬಗೆ ತಿಳಿದುಕೊಳ್ಳಿ

ಈಳಿಗೆ ತಾಗಿ ಬೆರಳು ಕೊಯ್ದುಕೊಂಡಿತು ಅಂದುಕೊಳ್ಳಿ. ಪ್ಲೇಟ್‌ಲೆಟ್‌ಗಳು ಬಂದು ರಕ್ತ ನಿಲ್ಲಿಸುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತುತ್ತವೆ. ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಆಮೇಲೆ ಮ್ಯಾಕ್ರೊಫೇಜ್ ಎಂಬ ಕಣಗಳು ಬಂದು ಕಸ ತಿನ್ನುತ್ತವೆ. ಹೊಸ ರಕ್ತನಾಳ ಬೆಳೆಯಲು, ಹೊಸ ಕೋಶಗಳು ಸರಿದು ಬಂದು ಗಾಯ ಮುಚ್ಚಲು ನೆರವಾಗುತ್ತವೆ. ಮುಚ್ಚಿದ ಮೇಲೆ ಎಲ್ಲ ನಿಲ್ಲುತ್ತದೆ.

ಗಡ್ಡೆಯಲ್ಲಿ ಇದು ನಿಲ್ಲುವುದೇ ಇಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೊ 1863ರಲ್ಲೇ ಗಡ್ಡೆಗಳೊಳಗೆ ಬಿಳಿ ರಕ್ತಕಣ ಕಂಡು, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಅಂದಿದ್ದರು. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ವಾಸಿಯಾಗದ ಗಾಯ ಎಂದು ಕರೆದರು. ಗಾಯ ಮಾಯಿಸಲು ದೇಹ ಇಟ್ಟುಕೊಂಡ ಏರ್ಪಾಡನ್ನೇ ಗಡ್ಡೆ ಬಳಸಿಕೊಳ್ಳುತ್ತದೆ. ಹೊಸ ರಕ್ತನಾಳಗಳು ಅದಕ್ಕೆ ಆಹಾರ ತರುತ್ತವೆ. ಆ ನಾಳಗಳು ಸೋರುವಂಥವು, ಗೋಡೆ ಸಡಿಲ. ಪಕ್ಕದಲ್ಲಿ ಕೂತ ಮ್ಯಾಕ್ರೊಫೇಜ್ ಆ ಗೋಡೆಯನ್ನು ಇನ್ನಷ್ಟು ಸಡಿಲ ಮಾಡಿದರೆ ಕ್ಯಾನ್ಸರ್ ಕೋಶ ಒಳಗೆ ನುಸುಳುತ್ತದೆ.

ನುಸುಳಿದ ಮಾತ್ರಕ್ಕೆ ಗೆದ್ದ ಹಾಗಲ್ಲ. ರಕ್ತಕ್ಕೆ ಇಳಿದ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಹರಿವಿನ ರಭಸಕ್ಕೆ ಕೆಲವು ಒಡೆಯುತ್ತವೆ, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರಕ್ಷಣಾ ಕಣಗಳು ಕೆಲವನ್ನು ಕೊಲ್ಲುತ್ತವೆ. ಉಳಿಯುವವು ಹೇಗೆ ಉಳಿಯುತ್ತವೆ? ಪ್ಲೇಟ್‌ಲೆಟ್‌ಗಳು ಮೈಗೆ ಅಂಟಿಕೊಂಡರೆ ಎನ್‌ಕೆ ಕಣಕ್ಕೆ ಅವುಗಳ ಗುರುತು ಹತ್ತುವುದಿಲ್ಲ. ನ್ಯೂಟ್ರೊಫಿಲ್ ಜೊತೆ ಸೇರಿ ಸಾಗುವ ಕ್ಯಾನ್ಸರ್ ಕೋಶಗಳು ಒಂಟಿ ಕೋಶಗಳಿಗಿಂತ ಚುರುಕಾಗಿ ವೃದ್ಧಿಯಾಗುತ್ತವೆ ಅಂತ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ಸೋಂಕು ಬಂದಾಗ ಮೊದಲು ಓಡಿಬರುವ ಕಣವೂ ಇದೇ ನ್ಯೂಟ್ರೊಫಿಲ್. ಇಮ್ಯುನಿಟಿ ಅಂತ ನಾವು ಸುಮ್ನೆ ಒಂದೇ ಮಾತಿನಲ್ಲಿ ಹೇಳುವುದರೊಳಗೆ ಇಷ್ಟೆಲ್ಲ ಇದೆ.

2. ಹಿಸ್ಟೊಪೆಥಾಲಜಿ ರಿಪೋರ್ಟಿನಲ್ಲಿ ಈ ಮಾತುಗಳನ್ನು ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದ ಕಾಗದ ಇದೇ. ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋಗಿ. ಮೂಲ ಪ್ರತಿಯ ಮೇಲೆ ಬೇಡ, ಜೆರಾಕ್ಸ್ ಮೇಲೆ.

ಎಲ್‌ವಿಐ ಅಂತ ಒಂದು ಸಾಲು ಇರುತ್ತದೆ, ಲಿಂಫೋವ್ಯಾಸ್ಕುಲರ್ ಇನ್ವೇಷನ್. ಅದರ ಮುಂದೆ 'ಪ್ರೆಸೆಂಟ್' ಅಂತ ಇದ್ದರೆ, ಗಡ್ಡೆಯ ಕೋಶಗಳು ರಕ್ತನಾಳ ಅಥವಾ ಲಿಂಫ್ ನಾಳದೊಳಗೆ ಕಂಡಿವೆ ಅಂತ ಅರ್ಥ. ಬೇರೆ ಅಂಗಕ್ಕೆ ಹರಡಿದೆ ಎಂದಲ್ಲ. ದಾರಿ ಸಿಕ್ಕಿದೆ ಅಂತ. ಪಿಎನ್‌ಐ 'ಪ್ರೆಸೆಂಟ್' ಅಂದರೆ ಆ ಕೋಶಗಳು ನರದ ಗುಂಟ ಸಾಗಿವೆ ಅಂತ.

ಲಿಂಫೋಸೈಟಿಕ್ ಇನ್‌ಫಿಲ್ಟ್ರೇಟ್ ಅಥವಾ ಟಿಐಎಲ್ ಎಂದಿದ್ದರೆ, ಗಡ್ಡೆಯೊಳಗೆ ಲಿಂಫೋಸೈಟ್ ಎಂಬ ಬಿಳಿ ಕಣಗಳು ಹೊಕ್ಕಿವೆ. ಕೇಳಿದವರಿಗೆ ಗಾಬರಿ ಆಗುತ್ತದೆ. ಬಹಳ ಕಡೆ ಇದು ಒಳ್ಳೆಯ ಸುದ್ದಿ. ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಈ ಕಣಗಳು ಹೆಚ್ಚಿದ್ದವರಿಗೆ ರೋಗ ಮರಳುವ ಸಂಭವ ಕಡಿಮೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಎಲ್ಲ ರಿಪೋರ್ಟಿನಲ್ಲೂ ಈ ಸಾಲು ಇರುವುದಿಲ್ಲ. ಇಲ್ಲದಿದ್ದರೆ ಚಿಂತೆ ಬೇಡ.

ಲಿಂಫ್ ನೋಡ್ ಲೆಕ್ಕ 2/24 ಅಂತ ಬರೆದಿರುತ್ತಾರೆ. ತೆಗೆದ 24 ಗಂಟುಗಳಲ್ಲಿ 2ರಲ್ಲಿ ಕ್ಯಾನ್ಸರ್ ಇದೆ ಅಂತ. ಪಕ್ಕದಲ್ಲಿ ಇಎನ್‌ಇ 'ಪ್ರೆಸೆಂಟ್' ಅಂತ ಇದ್ದರೆ, ಗಂಟಿನ ಹೊದಿಕೆ ಒಡೆದು ಕ್ಯಾನ್ಸರ್ ಹೊರಗೆ ಬಂದಿದೆ. ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು, ಮುಂದಿನ ಚಿಕಿತ್ಸೆ ಇದರ ಮೇಲೆ ಬದಲಾಗುತ್ತದೆ. ರಿಯಾಕ್ಟಿವ್ ಅಂತ ಬರೆದಿದ್ದರೆ ನಿರಾಳವಾಗಿ ಉಸಿರಾಡಿ: ಗಂಟು ದಪ್ಪ ಆಗಿರುವುದು ಉರಿಯೂತದಿಂದ, ಅದರಲ್ಲಿ ಕ್ಯಾನ್ಸರ್ ಕಂಡಿಲ್ಲ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ ಮಾತ್ರಕ್ಕೆ ಹರಡಿತು ಅಂತ ಅಳುವುದು ಬೇಡ. ಇದರ ತಿರುಗುಮುರುಗೂ ನಿಜ. ಕೈಗೆ ಸಿಗದ ಗಂಟಿನಲ್ಲೂ ಕ್ಯಾನ್ಸರ್ ಇರಬಹುದು. ಕುತ್ತಿಗೆಯಲ್ಲಿ ಏನೂ ಕಾಣದ, ಆರಂಭದ ಹಂತದ ಬಾಯಿ ಕ್ಯಾನ್ಸರಿನವರ ಮೇಲೆ ಟಾಟಾ ಆಸ್ಪತ್ರೆಯ ಅನಿಲ್ ಡಿಕ್ರೂಜ್ ತಂಡ ಒಂದು ಅಧ್ಯಯನ ನಡೆಸಿ 2015ರಲ್ಲಿ ಪ್ರಕಟಿಸಿತು. ಗಡ್ಡೆಯ ಜೊತೆಗೇ ಗಂಟು ತೆಗೆಸಿಕೊಂಡವರಲ್ಲಿ 3 ವರ್ಷಕ್ಕೆ ಬದುಕುಳಿದವರು 80%, ಗಂಟು ಕಂಡ ಮೇಲೆ ತೆಗೆಸಿಕೊಂಡವರಲ್ಲಿ 67.5%. "ಏನೂ ಇಲ್ದಿದ್ರೂ ಕುತ್ತಿಗೆ ಯಾಕೆ ಕೊಯ್ತಾರೆ?" ಅಂತ ಕೇಳುವವರಿಗೆ ನಾನು ಈ ಎರಡು ಅಂಕಿ ಬರೆದು ತೋರಿಸುತ್ತೇನೆ.

ಇನ್ನೊಂದು ಮಾತು ಉತ್ತರ ಕರ್ನಾಟಕದ ಹಿರಿಯರಿಂದ ಪದೇ ಪದೇ ಬರುತ್ತದೆ: "ತಮ್ಮಾ, ಚಾಕು ಹಚ್ಚಿದ್ರ ಹಬ್ತೈತಿ ಅಂತಾರಲ್ಲ, ಖರೇ ಏನು?" ಸೂಜಿಯ ಹಾದಿಯಲ್ಲಿ ಕೋಶಗಳು ಬೀಳುವುದು ಉಂಟು, ಆದರೆ ತೀರಾ ಅಪರೂಪ. ಯಾವ ಅಂಗಕ್ಕೆ ಹೇಗೆ ಚುಚ್ಚಬೇಕು ಅಂತ ಯೋಚಿಸಿಯೇ ಚುಚ್ಚುತ್ತಾರೆ. ಬಯಾಪ್ಸಿ ಬೇಡ ಅಂತ ಊರಿಗೆ ವಾಪಸಾಗಿ ತಿಂಗಳುಗಟ್ಟಲೆ ಕಳೆಯುವುದರಿಂದ ಆಗುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು.

3. ಸಿಬಿಸಿಯಲ್ಲಿ ಒಂದು ಭಾಗಾಕಾರ

ರಕ್ತದ ರಿಪೋರ್ಟಿನಲ್ಲಿ ನ್ಯೂಟ್ರೊಫಿಲ್ ಶೇಕಡಾ ಎಷ್ಟು, ಲಿಂಫೋಸೈಟ್ ಶೇಕಡಾ ಎಷ್ಟು ಅಂತ ಇರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನ್ಯೂಟ್ರೊಫಿಲ್ 72, ಲಿಂಫೋಸೈಟ್ 18 ಇದ್ದರೆ 4. ಇದಕ್ಕೆ ಎನ್‌ಎಲ್‌ಆರ್ ಅನ್ನುತ್ತಾರೆ. 100 ಅಧ್ಯಯನಗಳ, 40 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟು ಮಾಡಿ 2014ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಈ ಸಂಖ್ಯೆ ಸುಮಾರು 4ರ ಮೇಲಿದ್ದವರ ಬದುಕಿನ ಅವಧಿ ಕಡಿಮೆ ಇತ್ತು. ಉರಿಯೂತ ಜೋರಾಗಿದೆ, ಕ್ಯಾನ್ಸರ್ ಕೋಶ ಕೊಲ್ಲುವ ಲಿಂಫೋಸೈಟ್‌ಗಳು ಕಡಿಮೆ ಇವೆ ಅನ್ನುವುದರ ಸುಳಿವು ಅದು.

ಸುಳಿವು ಮಾತ್ರ. ಜ್ವರ, ಹಲ್ಲಿನ ಕೀವು, ಆಪರೇಷನ್ ಆದ ವಾರ, ಡೆಕ್ಸಾ ತರಹದ ಸ್ಟೆರಾಯ್ಡ್, ಬಿಳಿ ಕಣ ಏರಿಸುವ ಇಂಜೆಕ್ಷನ್, ಇವುಗಳಲ್ಲಿ ಯಾವುದು ಇದ್ದರೂ ಈ ಸಂಖ್ಯೆ ಏರುತ್ತದೆ. ಒಂದು ಸಲದ ಅಂಕಿಗೆ ಬೆಲೆ ಕೊಡಬೇಡಿ. ತಾರೀಖು ಹಾಕಿ ಸಾಲಾಗಿ ಬರೆಯಿರಿ. ಏರುತ್ತಲೇ ಹೋದರೆ, "ಎಲ್ಲಾದರೂ ಸೋಂಕು ಇದೆಯಾ?" ಅಂತ ಕೇಳಿ.

4. ಹೊರಗಿಂದ ಬರುವ ಉರಿಯೂತ ನಿಲ್ಲಿಸಿ

ಇಲ್ಲಿ ಮನೆಯವರ ಕೈಯಲ್ಲಿ ನಿಜವಾಗಿ ಏನಾದರೂ ಇದೆ. ಗುಟ್ಕಾ, ತಂಬಾಕು, ಮಹಾರಾಷ್ಟ್ರದ ಕಡೆ ಹಲ್ಲಿಗೆ ಉಜ್ಜುವ ಮಿಶ್ರಿ, ಇವು ಬಾಯಿಯ ಒಳಪದರವನ್ನು ದಿನವೂ ಕೆರಳಿಸುತ್ತವೆ. ಅಡಿಕೆಯೂ ಅಷ್ಟೇ. ಅಡಿಕೆ ತೋಟದ ಮನೆಗಳಿಂದ ಬಂದ ನಮಗೆ ಇದು ಕಹಿ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಘಟಕ 2004ರಲ್ಲೇ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವವರ ಕೆನ್ನೆ ಒಳಗೆ ಬಿಗಿದು, ಬಾಯಿ ತೆರೆಯಲು ಕಷ್ಟವಾಗುತ್ತದಲ್ಲ, ಅದು ದೀರ್ಘಕಾಲದ ಉರಿಯೂತದಿಂದ ಆದ ಗಟ್ಟಿತನ. ಕೆಲವರಲ್ಲಿ ಅದೇ ಕ್ಯಾನ್ಸರಿಗೆ ತಿರುಗುತ್ತದೆ. "ಬಂದದ್ದು ಬಂತು, ಇನ್ನು ಬಿಟ್ಟು ಏನು ಪ್ರಯೋಜನ" ಅನ್ನುವ ವಾದ ನಿಲ್ಲುವುದಿಲ್ಲ. ಸ್ತನ ಕ್ಯಾನ್ಸರ್ ಕೋಶಗಳು ಶ್ವಾಸಕೋಶದಲ್ಲಿ ನಿದ್ದೆಯಲ್ಲಿರುವ ಇಲಿಗಳಿಗೆ ತಂಬಾಕಿನ ಹೊಗೆ ಕೊಟ್ಟಾಗ, ಅಲ್ಲಿಗೆ ಬಂದ ನ್ಯೂಟ್ರೊಫಿಲ್‌ಗಳು ಬಿಟ್ಟ ಬಲೆಯಂಥ ಎಳೆಗಳಿಂದಾಗಿ ಆ ಕೋಶಗಳು ಎದ್ದು ಬೆಳೆಯತೊಡಗಿದವು ಅಂತ 2018ರ ಒಂದು ಸಂಶೋಧನೆ ತೋರಿಸಿತು. ಫ್ಲೂ ಮತ್ತು ಕೊರೊನಾ ವೈರಸ್ ಕೂಡ ಇಲಿಗಳಲ್ಲಿ ಇಂಥದ್ದೇ ಕೆಲಸ ಮಾಡಿದ್ದು 2025ರಲ್ಲಿ ಕಂಡಿತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಹಾಗೇ ಆಗಬೇಕೆಂದಿಲ್ಲ. ಆದರೂ ಫ್ಲೂ ಲಸಿಕೆ ಯಾವಾಗ ಹಾಕಿಸಬಹುದು ಅಂತ ಡಾಕ್ಟರನ್ನು ಕೇಳಲು ಇಷ್ಟು ಕಾರಣ ಸಾಕು. ಜೊತೆಗಿರುವ ಮನೆಯವರೂ ಹಾಕಿಸಿಕೊಳ್ಳಿ. ತಲೆ, ಕುತ್ತಿಗೆಗೆ ರೇಡಿಯೇಷನ್ ಇದ್ದರೆ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ.

5. ಚೀಲದಲ್ಲಿರುವುದನ್ನೆಲ್ಲ ಬರೆಯಿರಿ

ಅಮೃತಬಳ್ಳಿಯಿಂದ ಶುರು ಮಾಡೋಣ. ಕೊರೊನಾ ಕಾಲದಲ್ಲಿ ಇಮ್ಯುನಿಟಿಗೆ ಅಂತ ಇದರ ಕಷಾಯ ಕುಡಿದ ಆರು ಮಂದಿಗೆ ಲಿವರ್ ತೊಂದರೆ ಆದದ್ದನ್ನು ಮುಂಬೈನ ಲಿವರ್ ತಜ್ಞರು 2021ರಲ್ಲಿ ವರದಿ ಮಾಡಿದರು. ದೇಹದ ರಕ್ಷಣಾ ಕಣಗಳೇ ಲಿವರ್ ಮೇಲೆ ತಿರುಗಿ ಬಿದ್ದಂಥ ಲಕ್ಷಣ ಅದು. ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೀಮೊ ನಡೆಯುವಾಗ ಲಿವರಿಗೆ ಮೊದಲೇ ಸಾಕಷ್ಟು ಕೆಲಸ ಇರುತ್ತದೆ, ಆಗ ಇದನ್ನು ಪರೀಕ್ಷೆ ಮಾಡಿ ನೋಡುವುದು ಬೇಡ. ಸಾರಿಗೆ ಹಾಕುವ ಅರಿಶಿನ ಇರಲಿ. ಅರಿಶಿನದ ಕ್ಯಾಪ್ಸೂಲ್ ಬೇರೆ ವಿಷಯ, ಅದನ್ನು ಕೇಳಿಯೇ ನುಂಗಿ.

ಉರಿಯೂತ ಕೆಟ್ಟದ್ದು ಅಂತಾದರೆ ನೋವಿನ ಮಾತ್ರೆ ನುಂಗಿ ಇಳಿಸಬಹುದಲ್ವಾ? ಅಷ್ಟು ಸುಲಭ ಇಲ್ಲ. ಸಿಸ್‌ಪ್ಲಾಟಿನ್ ಕೀಮೊ ನಡೆಯುವಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು ಕೊಡಬಹುದು. ಆಸ್ಪಿರಿನ್ ಬಗ್ಗೆ ಒಳ್ಳೆಯ ಸುದ್ದಿ ಇರುವುದು ನಿಜ. ದೊಡ್ಡ ಕರುಳು, ಗುದನಾಳದ ಕ್ಯಾನ್ಸರಿನವರಲ್ಲಿ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇದ್ದವರಿಗೆ ಆಪರೇಷನ್ ನಂತರ ದಿನಕ್ಕೆ 160 ಮಿಲಿಗ್ರಾಂ ಕೊಟ್ಟಾಗ ರೋಗ ಮರಳುವುದು ಸುಮಾರು ಅರ್ಧಕ್ಕೆ ಇಳಿಯಿತು ಅಂತ 2025ರಲ್ಲಿ ಸ್ವೀಡನ್ನಿನ ತಂಡ ಪ್ರಕಟಿಸಿತು. ಆ ಬದಲಾವಣೆ ಇದ್ದವರಿಗೆ ಮಾತ್ರ. ಪ್ಲೇಟ್‌ಲೆಟ್ ಕಡಿಮೆ ಇದ್ದವರು ಸುಮ್ನೆ ಆಸ್ಪಿರಿನ್ ನುಂಗಿದರೆ ರಕ್ತಸ್ರಾವ ಆಗಬಹುದು.

6. ಇಮ್ಯುನೊಥೆರಪಿ ಬಗ್ಗೆ ಕೇಳುವುದು

ಲಿಂಫೋಸೈಟಿನ ಕೆಲಸ ತಡೆಯುವ ಬ್ರೇಕ್‌ಗಳನ್ನು ಕಂಡುಹಿಡಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆ ಬ್ರೇಕ್ ತೆಗೆದು, ನಮ್ಮ ಕಣಗಳೇ ಕ್ಯಾನ್ಸರ್ ಮೇಲೆ ಹೋಗುವಂತೆ ಮಾಡುವುದು ಇಮ್ಯುನೊಥೆರಪಿಯ ಒಂದು ಬಗೆ. ಅಂಥ ಔಷಧಿಗಳಲ್ಲಿ ನಿವೊಲುಮಾಬ್ ಒಂದು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ತಲೆ, ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನ 151 ಜನರ ಮೇಲೆ ಟಾಟಾ ಆಸ್ಪತ್ರೆಯಲ್ಲಿ ನಡೆದು 2023ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ವಾಡಿಕೆಯ ಡೋಸಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಜೊತೆಗೆ ಮೂರು ಮಾತ್ರೆ, ಅವುಗಳಲ್ಲೊಂದು ಉರಿಯೂತ ಇಳಿಸುವ ಸೆಲೆಕಾಕ್ಸಿಬ್. ಮಾತ್ರೆ ಮಾತ್ರ ತಗೊಂಡವರಲ್ಲಿ ಒಂದು ವರ್ಷ ಬದುಕಿದವರು 16.3%, ಈ ಸಣ್ಣ ಡೋಸ್ ಸೇರಿದವರಲ್ಲಿ 43.4%. "ನಮ್ಮವರಿಗೆ ಕಡಿಮೆ ಡೋಸ್ ಆಗುತ್ತಾ?" ಅಂತ ಕೇಳಲು ಸಂಕೋಚ ಬೇಡ. ಈ ಔಷಧಿ ಹಿಡಿಯುವ ಸಂಭವ ಎಷ್ಟು ಅಂತ ಅಂದಾಜಿಸಲು ಗಡ್ಡೆಯ ತುಣುಕಿನ ಮೇಲೆ ಮಾಡುವ ಪಿಡಿ-ಎಲ್1, ಎಂಎಸ್‌ಐ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಬ್ರೇಕ್ ತೆಗೆದರೆ ಕಣಗಳು ನಮ್ಮ ಅಂಗಗಳ ಮೇಲೂ ಹೋಗಬಹುದು. ಬಿಡದ ಭೇದಿ, ಒಣಕೆಮ್ಮು, ಉಸಿರು ಕಟ್ಟುವುದು, ತೀರಾ ಸುಸ್ತು ಕಂಡರೆ ಅದನ್ನು ಹೊಟ್ಟೆ ಕೆಟ್ಟಿದೆ ಅಂತ ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ತಿಳಿಸಿ.

7. ಜ್ವರದ ದಿನ

ಕೀಮೊದಿಂದ ನ್ಯೂಟ್ರೊಫಿಲ್ ತೀರಾ ಇಳಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಹರಡುವ ಲೆಕ್ಕದಲ್ಲಿ ಅನುಮಾನದಿಂದ ನೋಡಿದ ಅದೇ ಕಣ ಇಲ್ಲಿ ಜೀವ ಉಳಿಸುವಂಥದ್ದು. ಥರ್ಮಾಮೀಟರ್ ಚೀಲದಲ್ಲಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ಊರಿನ ರೈಲು ಹತ್ತಿಸಬೇಡಿ. ಫೈಲ್ ತಗೊಂಡು, ರಾತ್ರಿ ಎಷ್ಟೇ ಹೊತ್ತಾಗಿದ್ದರೂ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ "ಕೀಮೊ ನಡೀತಿದೆ, ಜ್ವರ ಬಂದಿದೆ" ಅಂತ ಮೊದಲ ಮಾತಲ್ಲೇ ಹೇಳಿ. ಮುಂಬೈನಲ್ಲಾದರೆ ಹಿಂದಿಯಲ್ಲಿ: "ಕೀಮೊ ಚಲ್ ರಹಾ ಹೈ, ಬುಖಾರ್ ಹೈ."