ಪ್ರಾಸ್ಟೇಟ್ ತಪಾಸಣೆ: ರಕ್ತ ಕೊಡುವ ಮೊದಲು, ವರದಿ ಬಂದ ಮೇಲೆ

ಮುಂಬೈಯಲ್ಲಿ ಹೋಟೆಲಿನ ಗಲ್ಲಾದಲ್ಲೋ ಕಚೇರಿಯಲ್ಲೋ ಐವತ್ತು ದಾಟಿದ ನಮ್ಮ ಗಂಡಸರು ಸಕ್ಕರೆ, ರಕ್ತದೊತ್ತಡಗಳ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಪ್ರಾಸ್ಟೇಟ್ ಎಂದೊಡನೆ ಮಾತು ತೇಲಿಸುತ್ತಾರೆ. ಮೂತ್ರಕೋಶದ ಕೆಳಗಿರುವ ಈ ಗ್ರಂಥಿಯ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ರಾತ್ರಿ ಪದೇಪದೇ ಏಳಬೇಕಾಗುವುದಕ್ಕೆ, ಮೂತ್ರದ ಧಾರೆ ಸಣ್ಣಗಾಗುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ವಯಸ್ಸಿನೊಂದಿಗೆ ಗ್ರಂಥಿ ದಪ್ಪಗಾಗುವುದು. ಅದು ಕ್ಯಾನ್ಸರ್ ಅಲ್ಲ, ಆದರೂ ವೈದ್ಯರಿಗೆ ತೋರಿಸಬೇಕು.

ಮೊದಲ ಕೆಲಸ ಮನೆತನದ ವಿವರ ಕೇಳಿಕೊಳ್ಳುವುದು. ತಂದೆಗೋ ಸೋದರನಿಗೋ ಈ ಕ್ಯಾನ್ಸರ್ ಬಂದಿದ್ದರೆ 45ರ ಹೊತ್ತಿಗೆ, ಇಲ್ಲದಿದ್ದರೆ 50ರ ಹೊತ್ತಿಗೆ ತಪಾಸಣೆಯ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಕೆಲವು ವಂಶವಾಹಿ ದೋಷಗಳು ಎರಡೂ ಕಡೆ ಅಪಾಯ ಹೆಚ್ಚಿಸುತ್ತವೆ. ‘ದೊಡ್ಡಪ್ಪನಿಗೆ ಮೂತ್ರ ಕಟ್ಟಿತ್ತು’ ಎಂಬಷ್ಟಕ್ಕೇ ಊರಿನವರ ನೆನಪು ನಿಲ್ಲುವುದುಂಟು; ಹಳೆಯ ಆಸ್ಪತ್ರೆ ಚೀಟಿ ಸಿಕ್ಕರೆ ಅನುಕೂಲ.

ಮುಂದಿನದು ಪಿಎಸ್‌ಎ ರಕ್ತಪರೀಕ್ಷೆ. ಈ ಗ್ರಂಥಿ ತಯಾರಿಸುವ ಪಿಎಸ್‌ಎ ಎಂಬ ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ಇದು ಅಳೆಯುತ್ತದೆ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಬೇರೆ ಸಿದ್ಧತೆ ಬೇಕು. ಎರಡು ದಿನ ಮೊದಲಿನಿಂದ ವೀರ್ಯಸ್ಖಲನವಾಗದಂತೆ ನೋಡಿಕೊಳ್ಳಬೇಕು, ಸೈಕಲ್ ಸವಾರಿ ಬಿಡಬೇಕು; ಇತ್ತೀಚೆಗೆ ಮೂತ್ರದ ಸೋಂಕು ಆಗಿದ್ದರೆ ಅಥವಾ ಕೊಳವೆ ಹಾಕಿದ್ದರೆ ಕೆಲವು ವಾರ ಕಾಯಬೇಕು, ಏಕೆಂದರೆ ಇವೆಲ್ಲ ಅಂಕಿಯನ್ನು ಏರಿಸಬಲ್ಲವು. ದಪ್ಪಗಾದ ಗ್ರಂಥಿಗೆ ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳು ಇದಕ್ಕೆ ವಿರುದ್ಧ: ಕೆಲವು ತಿಂಗಳು ನುಂಗಿದ ಮೇಲೆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಕೂದಲು ಉದುರುವುದಕ್ಕೂ ಫಿನಾಸ್ಟರೈಡ್ ಕೊಡುತ್ತಾರೆ. ಅದನ್ನು ವೈದ್ಯರ ಮುಂದೆ ಹೇಳಲು ನಾಚಿದವರ ವರದಿ ಸುಳ್ಳು ಧೈರ್ಯ ಕೊಟ್ಟೀತು.

ಒಂದು ಮಿಲಿಲೀಟರ್‌ಗೆ 4 ನ್ಯಾನೊಗ್ರಾಂ ಎಂಬುದು ರೂಢಿಯ ಗಡಿ. ಅದನ್ನು ದಾಟಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಅದರೊಳಗಿದ್ದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಹೆಚ್ಚಿದ್ದರೆ ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಆಗಲೂ ಇಳಿಯದಿದ್ದರೆ ಮೂತ್ರಾಂಗ ತಜ್ಞರಾದ ಯುರಾಲಜಿಸ್ಟ್‌ ಬಳಿ ಹೋಗಬೇಕು. ಕೆಇಎಂ, ನಾಯರ್, ಸಯನ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲೂ ಈ ವಿಭಾಗವಿದೆ. ಅವರು ಗುದದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಅರೆ ನಿಮಿಷದ ಕೆಲಸ. ಬಳಿಕ ಎಂಆರ್‌ಐ, ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಗ್ರಂಥಿಯ ಸಣ್ಣ ಚೂರುಗಳನ್ನು ತೆಗೆದು ಪರೀಕ್ಷಿಸುವುದು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆಗೆ ಓಡಬೇಕೆಂದಿಲ್ಲ. ಶಸ್ತ್ರಚಿಕಿತ್ಸೆಯಿಂದಲೂ ವಿಕಿರಣದಿಂದಲೂ ಮೂತ್ರದ ಹಿಡಿತಕ್ಕೆ, ಲೈಂಗಿಕ ಶಕ್ತಿಗೆ ಧಕ್ಕೆಯಾಗಬಹುದಾದ್ದರಿಂದ, ನಿಧಾನವಾಗಿ ಬೆಳೆಯುವ ಗಡ್ಡೆಗಳನ್ನು ನಿಯಮಿತ ಪರೀಕ್ಷೆಗಳ ಮೂಲಕ ಗಮನಿಸುತ್ತಿರುವುದೂ ಒಪ್ಪಿತ ಕ್ರಮ. ಎಪ್ಪತ್ತು ದಾಟಿ, ಬೇರೆ ಕಾಯಿಲೆಗಳಿರುವ ಅಪ್ಪನನ್ನು ಬಲವಂತದಿಂದ ಪಿಎಸ್‌ಎಗೆ ಎಳೆದೊಯ್ಯುವ ಮಕ್ಕಳು ಮೊದಲು ವೈದ್ಯರನ್ನು ಕೇಳುವುದು ಒಳಿತು. ಆ ವಯಸ್ಸಿನಲ್ಲಿ ಲಕ್ಷಣಗಳಿಲ್ಲದವರಿಗೆ ಸಾಮಾನ್ಯವಾಗಿ ಈ ತಪಾಸಣೆಯನ್ನು ಸೂಚಿಸುವುದಿಲ್ಲ. ಮೂತ್ರದಲ್ಲಿ ರಕ್ತ ಅಥವಾ ಬಿಡದ ಬೆನ್ನುಮೂಳೆ ನೋವು ಇದ್ದರೆ ಮಾತ್ರ ಯಾವ ವಯಸ್ಸಿನಲ್ಲೂ ತಡಮಾಡಬಾರದು.